ಐದು ತೂತಿನ ಪೆಟ್ಟಿಗೆ

"ಹೋಯ್ತು! ಮತ್ತೆ ಹೋಯ್ತು! ಯಾರು ಏನು ಮುಟ್ಟಿದ್ರಿ?"

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸೊಸೆ ತನ್ನ ಕೋಣೆಯ ಬಾಗಿಲು ತೆರೆದು ಕೂಗಿದ ಕೂಗಿಗೆ, ಒಲೆಯ ಮೇಲೆ ಹಾಲು ಉಕ್ಕಿದ್ದನ್ನು ಯಾರೂ ನೋಡಲಿಲ್ಲ. ಕಿವಿಗೆ ಸಿಕ್ಕಿಸಿಕೊಂಡ ಹೆಡ್‌ಫೋನಿನ ಸಮೇತ ಎದ್ದು ಬಂದಿದ್ದಳು. ಅದರ ವೈರು ಹಿಂದೆ ಬಾಲದ ಹಾಗೆ ಎಳೆದುಕೊಂಡು ಬರುತ್ತಿತ್ತು.

ಅವಳ ಕೆಲಸ ಮನೆಯಲ್ಲೇ. ಒಂದು ದೊಡ್ಡ ಆಸ್ಪತ್ರೆಗೆ ಬರುವ ಕರೆಗಳು ಇಂಟರ್‌ನೆಟ್ಟಿನಲ್ಲಿ ಅವಳ ಲ್ಯಾಪ್‌ಟಾಪಿಗೆ ಬರುತ್ತವೆ. ಯಾವ ಡಾಕ್ಟರು ಯಾವತ್ತು ಸಿಗುತ್ತಾರೆ, ಖಾಲಿ ಹೊಟ್ಟೆಯಲ್ಲಿ ಬರಬೇಕೋ ತಿಂದು ಬರಬೇಕೋ, ಎಲ್ಲ ಹೇಳಿ ಹೊತ್ತು ಗೊತ್ತುಮಾಡಿ ಕೊಡುವವಳು ಅವಳು. ಕೆಲಸದ ಹೊತ್ತಿನಲ್ಲಿ ಲೈನು ಕಡಿದರೆ ಮೇಲಿನವರು ಗುರುತು ಹಾಕಿಕೊಳ್ಳುತ್ತಾರೆ. ಮೂರು ತಿಂಗಳೊಳಗೆ ಮೂರು ಸಲ ಕಡಿದರೆ ಆ ಕೆಲಸ ಇನ್ನೊಬ್ಬರಿಗೆ. ಹಿಂದಿನ ಶನಿವಾರ ಒಂದು ಸಲ ಆಗಿತ್ತು. ಇದು ಎರಡನೆಯದು.

ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಬೀದಿಯವರೆಲ್ಲ ಹೊಲಿಗೆಯಮ್ಮ ಎಂದು ಕರೆಯುವ ಅತ್ತೆ, ಕನ್ನಡಕವನ್ನು ಹಣೆಗೇರಿಸಿಕೊಂಡು ಹೊರಗೆ ಬಂದಳು. ತುಟಿಗಳ ನಡುವೆ ಎರಡು ಗುಂಡುಪಿನ್ನು ಇದ್ದವು. ಅವನ್ನು ತೆಗೆದು ರವಿಕೆಗೆ ಚುಚ್ಚಿಕೊಂಡ ಮೇಲೆಯೇ ಮಾತಾಡಿದಳು.

"ನಾನು ಮುಟ್ಟಿದ್ದು ನನ್ನ ಮಿಷನ್ನು. ಬೇರೆ ಯಾವುದನ್ನೂ ಮುಟ್ಟಿಲ್ಲ."

"ಅದೇ ಅತ್ತೆ! ನೀವು ಮಿಷನ್ನು ಶುರು ಮಾಡಿದ ತಕ್ಷಣ ಹೋಗುತ್ತೆ. ಹೋದ ವಾರಾನೂ ಹಾಗೇ ಆಯ್ತು."

"ನಲವತ್ತು ವರ್ಷದಿಂದ ಹೊಲೀತಿದೀನಿ. ಇಷ್ಟು ದಿನ ಯಾಕೆ ಹೋಗಲಿಲ್ಲ?"

"ನನಗೇನು ಗೊತ್ತು!" ಸೊಸೆಯ ಕಣ್ಣಲ್ಲಿ ನೀರು ತುಂಬಿತ್ತು. "ಮಗೂಗೆ ಮೂರು ದಿನದಿಂದ ಜ್ವರ ಅಂತ ಒಬ್ಬರು ಹೇಳ್ತಾ ಇದ್ರು. ಮಾತು ಅರ್ಧದಲ್ಲೇ ಕಟ್ಟಾಯ್ತು."

ಹೊಲಿಗೆಯಮ್ಮ ಒಳಗೆ ಹೋಗಿ ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್ಚು ಆರಿಸಿದಳು. ಎರಡು ನಿಮಿಷಕ್ಕೆ ನೆಟ್ಟು ಬಂತು. ಅಲ್ಲಿಗೆ ಅಪರಾಧಿ ಯಾರೆಂದು ಮನೆಯಲ್ಲಿ ತೀರ್ಮಾನವಾಗಿ ಹೋಯಿತು.

ಮಗ ಪಾರ್ಸೆಲ್ ಗೋದಾಮಿನಲ್ಲಿ ಮೇಲ್ವಿಚಾರಕ. ದಿನವಿಡೀ ಬಾರ್‌ಕೋಡು ಓದುವ ಯಂತ್ರ ಹಿಡಿದು ಓಡಾಡುವವನಾದ್ದರಿಂದ, ಮನೆಯಲ್ಲಿ ದೀಪ ಮಿಟುಕುವ ವಸ್ತುಗಳೆಲ್ಲ ತನ್ನ ಇಲಾಖೆಗೆ ಸೇರಿದವು ಎಂದು ಅವನ ನಂಬಿಕೆ. ಹಜಾರದ ಗೂಡಿನಲ್ಲಿದ್ದ ರೂಟರನ್ನು ಬೇರೆಯವರು ಒರೆಸುವಂತೆಯೂ ಇರಲಿಲ್ಲ. ಅದರ ಮೇಲಿನ ಧೂಳು ಅವನ ಅಧಿಕಾರದ ಗುರುತಾಗಿ ಅಲ್ಲೇ ಕೂತಿತ್ತು.

"ಮೋಟರ್," ಎಂದ ಅವನು ರಾತ್ರಿ ಊಟಕ್ಕೆ ಕೂತಾಗ, ಆಲೂಗೆಡ್ಡೆ ಮುರಿಯುತ್ತಾ. "ಹಳೇ ಮೋಟರು. ಅದು ಕರೆಂಟನ್ನ ಕಲಕಿಬಿಡುತ್ತೆ. ರೂಟರ್ ತಡೆಯಲ್ಲ."

"ಹೋದ ವರ್ಷ ತಡೀತಲ್ಲ?" ಎಂದಳು ತಾಯಿ.

"ಅಮ್ಮ, ಇದು ಟೆಕ್ನಿಕಲ್ ವಿಷಯ. ನಿನಗೆ ಅರ್ಥ ಆಗಲ್ಲ, ಬಿಡು."

ಈ ಮಾತನ್ನು ಅವನು ಬೈಗುಳದಂತೆ ಹೇಳಲಿಲ್ಲ. ಉಪ್ಪು ಈ ಕಡೆ ಕೊಡು ಅನ್ನುವಷ್ಟೇ ಸಲೀಸಾಗಿ ಹೇಳಿದ. ಹೊಲಿಗೆಯಮ್ಮನಿಗೆ ಸಿಟ್ಟು ಬಂದದ್ದೇ ಅದಕ್ಕೆ.

ಬುಧವಾರ ಇಂಟರ್‌ನೆಟ್ ಕಂಪನಿಯ ಲೈನಿನವನು ಬಂದ. ಹಜಾರದಲ್ಲೇ ನಿಂತು ತನ್ನ ಫೋನಿನಲ್ಲಿ ಏನೋ ನೋಡಿದ. ಚಹಾ ಕುಡಿದ. "ಮನೇಲಿ ಹಳೇ ಮೋಟರ್ ಏನಾದ್ರೂ ಇದೆಯಾ?" ಎಂದು ಕೇಳಿದ. ಮಗ "ಇದೆ" ಎಂದ. "ಹಾಗಾದ್ರೆ ಅದೇ ಇರ್ಬೇಕು" ಎಂದು ಹೇಳಿ ಹೊರಟುಹೋದ. ಹೊಲಿಗೆ ಕೋಣೆಯ ಹೊಸ್ತಿಲನ್ನೂ ದಾಟಲಿಲ್ಲ. ಆದರೇನು, ಶಂಖದಿಂದ ಬಂದರೇ ತೀರ್ಥ. ಮಗ ಊಹೆಯಲ್ಲಿ ಹೇಳಿದ್ದು ಲೈನಿನವನ ಬಾಯಲ್ಲಿ ಸತ್ಯವಾಗಿಬಿಟ್ಟಿತು.

ಅವತ್ತೇ ರಾತ್ರಿ ಊಟಕ್ಕೆ ಕೂತಾಗ ಮಗನ ಆಜ್ಞೆ ಹೊರಟಿತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಹೊಲಿಗೆ ಯಂತ್ರ ನಡೆಯಕೂಡದು.

"ಆರರ ಮೇಲೆ ಬೆಳಕೆಲ್ಲಿರುತ್ತೆ?" ಎಂದಳು ಹೊಲಿಗೆಯಮ್ಮ.

"ದೀಪ ಇದೆಯಲ್ಲ."

"ಕಪ್ಪು ಬಟ್ಟೆಗೆ ಕಪ್ಪು ದಾರ. ಬೇಕರಿಯವರ ನಲವತ್ತು ಏಪ್ರನ್ನು. ದೀಪದಲ್ಲಿ ಹೊಲಿದು ನೋಡು ನೀನು, ಆಮೇಲೆ ಹೇಳು."

"ಅಜ್ಜಿಗೆ ಅರಿವೆ ಚಿಂತೆ," ಎಂದು ಮಗ ನಕ್ಕ. ಬೇರೆ ಯಾರೂ ನಗಲಿಲ್ಲ.

ಸೊಸೆ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: "ಅತ್ತೆ, ನಿಮ್ಮ ಕೆಲಸ ಬೇಡ ಅಂತ ನಾನು ಅಂದಿಲ್ಲ."

"ನೀನು ಅಂದಿಲ್ಲ, ಹೌದು. ಅನ್ನೋವಾಗ ತಡೀಲೂ ಇಲ್ಲ."

ಆ ಮಾತು ಸೊಸೆಗೆ ಚುಚ್ಚಿತು. ಅವಳು ಅರ್ಧ ಊಟಕ್ಕೇ ಎದ್ದು ಪಾತ್ರೆ ತೊಳೆಯಲು ನಿಂತಳು. ನಲ್ಲಿಯ ನೀರನ್ನು ಬೇಕಾದ್ದಕ್ಕಿಂತ ಜೋರಾಗಿ ಬಿಟ್ಟುಕೊಂಡಳು.

ಎರಡು ವಾರ ಹೀಗೇ ನಡೆಯಿತು. ಹಗಲು ಹೊಲಿಗೆಯಮ್ಮ ಕತ್ತರಿಸುವುದು, ಅಂಚು ಮಡಿಸುವುದು, ಕೈಯಲ್ಲಿ ಗುಂಡಿ ಹಚ್ಚುವುದು ಮಾಡಿದಳು. ಆರು ಹೊಡೆದ ಮೇಲೆ ಯಂತ್ರದ ಮುಂದೆ ಕೂತಳು. ಮೊದಲ ಸಂಜೆ ಹೊಲಿದ ಮೂರು ಏಪ್ರನ್ನುಗಳಲ್ಲಿ ಎರಡರ ಹೊಲಿಗೆ ಸೊಟ್ಟಗೆ ಓಡಿತ್ತು. ಮರುದಿನ ಕಿಟಕಿಯ ಬಳಿ ಕೂತು ಅದನ್ನೆಲ್ಲ ಬಿಚ್ಚಿದಳು. ಹೊಲಿಯುವುದಕ್ಕಿಂತ ಬಿಚ್ಚುವುದಕ್ಕೇ ಹೊತ್ತು ಹಿಡಿಯಿತು. ಬೇಕರಿಯವಳು ಎರಡು ಸಲ ಬಾಗಿಲಿಗೆ ಬಂದು, "ಆಗದಿದ್ರೆ ಹೇಳಿಬಿಡಿ ಅಮ್ಮ, ಬೇರೆ ಕಡೆ ಕೊಡ್ತೀನಿ" ಎಂದು ಮೆತ್ತಗೆ ಹೇಳಿ ಹೋದಳು.

ಸಂಜೆಯೂ ನೆಮ್ಮದಿ ಇರಲಿಲ್ಲ. ಸ್ವಿಚ್ಚು ಹಾಕಿದ ಕೂಡಲೇ ಮಗನ ಫುಟ್‌ಬಾಲ್ ಪಂದ್ಯ ಪರದೆಯ ಮೇಲೆ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ಎಂಟನೇ ತರಗತಿಯ ಮೊಮ್ಮಗಳು, ಸಕ್ಕರೆ ಡಬ್ಬಿ ಎಲ್ಲಿದ್ದರೂ ಪತ್ತೆ ಹಚ್ಚುವುದರಿಂದ ಇರುವೆ ಎಂದು ಹೆಸರಾದವಳು, "ಅಜ್ಜೀ, ನನ್ನ ಪಾಠ!" ಎಂದು ರಾಗ ಎಳೆಯುತ್ತಿದ್ದಳು. ಹಗಲು ಸೊಸೆಯ ಕೆಲಸ, ಸಂಜೆ ಮಗನ ಚೆಂಡು, ಮೊಮ್ಮಗಳ ಪಾಠ. ಮುದುಕಿ ಹೊಲಿಯುವುದು ಇನ್ನು ಯಾವಾಗ?

ಅದಕ್ಕೂ ಮಗ ದಾರಿ ಹುಡುಕಿದ್ದ. ಭಾನುವಾರ ಬೆಳಿಗ್ಗೆ ಬ್ರೆಡ್ಡು ಮೊಟ್ಟೆ ತಿನ್ನುತ್ತಾ ಹೇಳಿದ:

"ಗೋದಾಮಿನ ಹಿಂದೆ ಒಂದು ಮೂಲೆ ಖಾಲಿ ಇದೆ. ಯಜಮಾನರನ್ನ ಕೇಳಿದೀನಿ, ಒಪ್ಪಿದಾರೆ. ಬರೋ ಶನಿವಾರ ಗಾಡಿಯವನು ಬಂದು ಮಿಷನ್ನು ಸಾಗಿಸ್ತಾನೆ. ನೀನು ಬಸ್ಸಲ್ಲಿ ಬಂದು ಹೊಲೀಬಹುದು."

"ಅಲ್ಲಿಗೆ ಅಳತೆ ಕೊಡೋಕೆ ಯಾರು ಬರ್ತಾರೆ? ಬ್ಲೌಸು ಸರಿ ಕೂತಿದೆಯಾ ಅಂತ ಹೆಂಗಸರು ನಿನ್ನ ಪಾರ್ಸೆಲ್ಲುಗಳ ಮಧ್ಯೆ ಹಾಕಿ ನೋಡ್ತಾರಾ?"

"ಹಾಗಾದ್ರೆ ಬಿಟ್ಟುಬಿಡು ಅಮ್ಮ. ಈ ವಯಸ್ಸಲ್ಲಿ ಯಾಕೆ ಬೇಕು? ನಾವು ನೋಡ್ಕೊಳಲ್ವಾ?"

ಹೊಲಿಗೆಯಮ್ಮ ಚಹಾ ಲೋಟವನ್ನು ಮೇಜಿನ ಮೇಲೆ ಇಟ್ಟ ರಭಸಕ್ಕೆ ತಟ್ಟೆಗಳು ಅಲ್ಲಾಡಿದವು.

"ನೋಡ್ಕೋತೀಯ, ಸರಿ. ನಿನ್ನ ಅಪ್ಪ ಹೋದಾಗ ನಿನ್ನನ್ನ ನೋಡ್ಕೊಂಡಿದ್ದು ಯಾವುದು? ಆ ಮೋಟರೇ. ಅದನ್ನ ಹೊರಗೆ ಹಾಕೋ ಮೊದಲು, ಅದು ಮಾಡಿದ ತಪ್ಪೇನು ಅಂತ ನನಗೆ ತೋರಿಸು. ಬಾಯಲ್ಲಿ ಹೇಳಬೇಡ, ತೋರಿಸು."

ಮಗ ತೋರಿಸಲಿಲ್ಲ. ತೋರಿಸಲು ಅವನಿಗೂ ಗೊತ್ತಿರಲಿಲ್ಲ. ಆದರೆ ಅದನ್ನು ಹೇಳಿಕೊಳ್ಳುವುದು ಅವನ ಜಾಯಮಾನದಲ್ಲಿ ಇರಲಿಲ್ಲ.

ಅವತ್ತು ಮಧ್ಯಾಹ್ನ ಅಜ್ಜಿ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಬಟಾಣಿ ಸುಲಿಯಲು ಕೊಟ್ಟಳು.

"ಆ ರೂಟರ್ ಅನ್ನೋದು ಏನು ಮಾಡುತ್ತೆ, ಹೇಳು."

"ಅದು... ಪೋಸ್ಟಾಫೀಸ್ ಥರ ಅಜ್ಜಿ."

"ಥರ ಪರ ಬೇಡ. ನನಗೆ ಕಥೆ ಹೇಳಬೇಡ. ಅದು ಏನು ಮಾಡುತ್ತೋ ಅದನ್ನೇ ಹೇಳು."

ಇರುವೆ ಬಾಯಿಗೆ ನಾಲ್ಕು ಬಟಾಣಿ ಹಾಕಿಕೊಂಡು ಯೋಚಿಸಿದಳು. "ಮನೇಲಿರೋ ಒಂದೊಂದು ಫೋನಿಗೂ ಲ್ಯಾಪ್‌ಟಾಪಿಗೂ ಅದು ಒಂದೊಂದು ನಂಬರ್ ಕೊಡುತ್ತೆ. ನಾವು ಕಳಿಸೋ ಮಾತು, ಚಿತ್ರ ಎಲ್ಲಾ ಚೂರು ಚೂರಾಗಿ ಹೋಗುತ್ತೆ. ಒಂದೊಂದು ಚೂರಿನ ಮೇಲೂ ಯಾರಿಗೆ, ಯಾರಿಂದ ಅಂತ ನಂಬರ್ ಇರುತ್ತೆ. ಅದನ್ನ ನೋಡಿ ರೂಟರ್ ಆಚೆ ಈಚೆ ಕಳಿಸುತ್ತೆ."

"ವೈರಲ್ಲೋ ಗಾಳೀಲೋ?"

"ಎರಡರಲ್ಲೂ. ವೈರಲ್ಲೂ ಅದೇ ಚೂರು, ವೈಫೈಯಲ್ಲೂ ಅದೇ ಚೂರು."

"ಯಾರಿಗೆ ಅಂತ ನಂಬರ್ ಗೊತ್ತಿಲ್ಲದಿದ್ರೆ?"

"ಆಗ ಎಲ್ಲರಿಗೂ ಕೂಗುತ್ತೆ. ಈ ನಂಬರಿನವರು ಯಾರಪ್ಪಾ ಅಂತ. ಇದ್ದವರು ಓಗೊಡ್ತಾರೆ. ಸ್ಕೂಲಲ್ಲಿ ಮೇಷ್ಟ್ರು ಹೇಳಿಕೊಟ್ಟಿದಾರೆ."

"ಮೋಟರ್ ಓಡಿದ್ರೆ ಆ ಕೂಗು ಕೇಳಿಸಲ್ವಾ?"

ಇರುವೆ ತಲೆ ಕೆರೆದುಕೊಂಡಳು. "ಮೇಷ್ಟ್ರು ಮೋಟರ್ ವಿಷಯ ಏನೂ ಹೇಳಲಿಲ್ಲ."

ಸುಲಿದ ಬಟಾಣಿ ಅರ್ಧ ಬೋಗುಣಿಯೂ ಆಗಿರಲಿಲ್ಲ. ಉಳಿದದ್ದು ಇರುವೆಯ ಹೊಟ್ಟೆ ಸೇರಿತ್ತು. ಆದರೆ ಅಜ್ಜಿಗೆ ಬೇಕಾದ್ದು ಸಿಕ್ಕಿತ್ತು. ಯಂತ್ರದಲ್ಲಿ ಹೊಲಿಗೆ ತಪ್ಪಿದರೆ ಅವಳು ಎಲ್ಲವನ್ನೂ ಒಮ್ಮೆಲೇ ಬಿಚ್ಚಿ ಹರಡುವವಳಲ್ಲ. ಮೊದಲು ಸೂಜಿ ಬದಲಾಯಿಸಿ ನೋಡುವುದು. ಸರಿಹೋಗದಿದ್ದರೆ ದಾರ. ಆಮೇಲೆ ಕೆಳದಾರದ ಬಾಬಿನ್ನು. ಒಂದು ಸಲಕ್ಕೆ ಒಂದೇ. ಇದನ್ನೂ ಹಾಗೇ ನೋಡಬಾರದು ಎಂದು ಯಾರು ಹೇಳಿದ್ದಾರೆ?

ಒಂದೇ ತೊಡಕು. ಪರೀಕ್ಷೆ ಮಾಡುವಾಗ ನೆಟ್ಟು ಹೋದರೆ ಸೊಸೆಯ ಲೆಕ್ಕಕ್ಕೆ ಮೂರನೆಯ ಗುರುತು ಬೀಳುತ್ತದೆ. ಮಧ್ಯಾಹ್ನ ಒಂದರಿಂದ ಒಂದೂವರೆಯವರೆಗೆ ಊಟಕ್ಕೆ ಬಿಡುವು. ಆಗ ಲೈನು ಕಡಿದರೂ ಯಾರೂ ಕೇಳುವುದಿಲ್ಲ.

ಸೋಮವಾರ ಒಂದು ಗಂಟೆಗೆ ಹೊಲಿಗೆಯಮ್ಮ ಅನ್ನ, ತರಕಾರಿ ಬಡಿಸಿದ ತಟ್ಟೆಯನ್ನು ಸೊಸೆಯ ಕೈಗೆ ಕೊಟ್ಟು, "ಮೇಜಿಗೆ ಹೋಗಬೇಡ. ಹಜಾರದಲ್ಲಿ ಆ ರೂಟರ್ ಮುಂದೆ ನಿಂತುಕೊಂಡು ತಿನ್ನು" ಎಂದಳು.

"ಯಾಕೆ ಅತ್ತೆ?"

"ನಿನ್ನ ಫೋನಲ್ಲಿ ಏನಾದ್ರೂ ಓಡೋದು ಹಾಕ್ಕೋ. ಇದ್ದರೆ ಇದೆ ಅನ್ನು, ಹೋದರೆ ಹೋಯ್ತು ಅನ್ನು. ನಾನು ಒಳಗಿಂದ ಕೇಳ್ತೀನಿ."

ಸೊಸೆ ಅತ್ತೆಯ ಮುಖ ನೋಡಿದಳು. "ಅವರಿಗೆ ಗೊತ್ತಾದ್ರೆ?"

"ನನ್ನ ಮಗನಿಗೆ ನಾನು ಹೆದರಬೇಕಾ? ನೀನು ಹೆದರ್ತೀಯಾದ್ರೆ ಹೇಳು, ತಟ್ಟೆ ವಾಪಸ್ ಕೊಡು."

ಸೊಸೆ ತಟ್ಟೆ ವಾಪಸ್ ಕೊಡಲಿಲ್ಲ. ಫೋನಿನಲ್ಲಿ ಯಾವುದೋ ಅಡುಗೆಯ ವಿಡಿಯೋ ಹಾಕಿ ಗೂಡಿಗೆ ಒರಗಿಸಿ ನಿಂತಳು.

ಹೊಲಿಗೆಯಮ್ಮ ಯಂತ್ರದ ಪ್ಲಗ್ಗನ್ನು ಬೋರ್ಡಿನಿಂದ ಕಿತ್ತು ಎದುರು ಗೋಡೆಯ ಸಾಕೆಟ್ಟಿಗೆ ಹಾಕಿದಳು. ಬೋರ್ಡಿನ ಸ್ವಿಚ್ಚು ಆರಿಸೇ ಇತ್ತು. ಪೆಡಲು ಒತ್ತಿದಳು. ಯಂತ್ರ ಭರ್ರೆಂದು ಓಡಿತು.

"ಇದೆ!" ಎಂದು ಸೊಸೆ ಕೂಗಿದಳು. "ಇದೆ... ಇನ್ನೂ ಇದೆ... ಅತ್ತೆ, ಓಡಿಸ್ತಾ ಇದೀರಾ ನಿಜವಾಗ್ಲೂ?"

"ಕಿವಿ ಇಲ್ವಾ ನಿನಗೆ?"

ಐದು ನಿಮಿಷ ಓಡಿಸಿದಳು. ನೆಟ್ಟು ಅಲುಗಲಿಲ್ಲ. ಯಂತ್ರ ನಿಲ್ಲಿಸಿ, ಪ್ಲಗ್ಗು ಕಿತ್ತು, ಈಗ ಬರೀ ಬೋರ್ಡಿನ ಸ್ವಿಚ್ಚು ಹಾಕಿದಳು. ಎಲ್ಲ ಸ್ತಬ್ಧ. ಮೋಟರು ತಣ್ಣಗೆ ಕೂತಿತ್ತು.

"ಇದೆ... ಇದೆ... ಹೋಯ್ತು!" ಬಾಯಿತುಂಬ ಅನ್ನ ಇಟ್ಟುಕೊಂಡು ಸೊಸೆ ಓಡಿ ಬಂದಳು. "ಹೋಯ್ತು ಅತ್ತೆ! ಮಿಷನ್ನೇ ಓಡಲಿಲ್ಲ, ಆದರೂ ಹೋಯ್ತು!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಆ ಮನೆಗೆ ಬಂದ ಹದಿನೈದು ವರ್ಷದಲ್ಲಿ ಸೊಸೆ ಅತ್ತೆಯ ಜೊತೆ ಸೇರಿ ಇಷ್ಟು ಖುಷಿಪಟ್ಟದ್ದು ಇದೇ ಮೊದಲು. ಅದೂ ನೆಟ್ಟು ಹೋದದ್ದಕ್ಕೆ.

ಮಂಗಳವಾರ ಬೋರ್ಡಿಗೆ ದೀಪ ಒಂದನ್ನೇ ಹಾಕಿ ನೋಡಿದರು. ಇತ್ತು. ಬುಧವಾರ ಇಸ್ತ್ರಿಪೆಟ್ಟಿಗೆ ಒಂದನ್ನೇ. ಇತ್ತು. ಗುರುವಾರ ಮೇಜಿನ ಕೆಳಗೆ, ಬಟ್ಟೆ ಚೂರುಗಳ ಚೀಲದ ಹಿಂದೆ ಉಳಿದಿದ್ದ ಕೊನೆಯ ಪ್ಲಗ್ಗು. ಅದರ ವೈರು ಹಿಡಿದು ಹೋದರೆ, ಸೋಪಿನ ಪೆಟ್ಟಿಗೆಯಷ್ಟು ದೊಡ್ಡದೊಂದು ಕಪ್ಪು ಪೆಟ್ಟಿಗೆ. ಒಂದು ಪಕ್ಕಕ್ಕೆ ಸಾಲಾಗಿ ಐದು ತೂತು, ಒಂದೊಂದು ತೂತಿಗೂ ಒಂದೊಂದು ಹಸಿರು ದೀಪ.

"ಇದೇನು?"

"ಓ! ಮುಂಚೆ ಇಲ್ಲಿ ಕಂಪ್ಯೂಟರು, ಪ್ರಿಂಟರು ಇತ್ತಲ್ಲ, ಅವಕ್ಕೆ ಅಂತ ಇವರೇ ಹಾಕಿದ್ರು," ಎಂದಳು ಸೊಸೆ. "ಹಜಾರದಿಂದ ಬಂದ ಒಂದು ವೈರನ್ನ ಇದು ನಾಲ್ಕು ಮಾಡಿ ಹಂಚುತ್ತೆ. ಅವೆರಡನ್ನೂ ಗೋದಾಮಿಗೆ ಕೊಟ್ಟಾಯ್ತಲ್ಲ, ಇದು ಇಲ್ಲೇ ಉಳಿದುಬಿಟ್ಟಿದೆ."

ಅದೊಂದನ್ನೇ ಬೋರ್ಡಿಗೆ ಹಾಕಿ ಸ್ವಿಚ್ಚು ಒತ್ತಿದರು. ಹಸಿರು ದೀಪಗಳು ಒಂದೆರಡು ಸಲ ಮೆಲ್ಲಗೆ ಮಿಟುಕಿ, ಆಮೇಲೆ ಹುಚ್ಚು ಹಿಡಿದಂತೆ ಒಟ್ಟೊಟ್ಟಿಗೆ ಬಡಿದುಕೊಳ್ಳತೊಡಗಿದವು. ಸೊಸೆಯ ಕೈಯಲ್ಲಿದ್ದ ಫೋನಿನಲ್ಲಿ ಅಡುಗೆಯವಳು ಸೌಟು ಎತ್ತಿಕೊಂಡೇ ನಿಂತುಬಿಟ್ಟಳು.

ಹೊಲಿಗೆಯಮ್ಮ ನೆಲದ ಮೇಲೆ ಕೂತು, ಪೆಟ್ಟಿಗೆಯಿಂದ ಹೊರಟ ಬಿಳಿ ವೈರೊಂದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಹೊಲಿಗೆ ಸವರಿ ನೋಡುವಂತೆ ಸವರುತ್ತಾ ಹೋದಳು. ಗೋಡೆ ಬದಿ, ಕುರ್ಚಿ ಕಾಲು, ಚೀಲದ ಹಿಂದೆ ಒಂದು ಸುತ್ತು. ಅಲ್ಲಿಂದ ಅದು ತಿರುಗಿ ಬಂತು. ಬಂದು ಅದೇ ಪೆಟ್ಟಿಗೆಯ ಇನ್ನೊಂದು ತೂತಿನೊಳಗೆ ಹೊಕ್ಕಿತ್ತು.

ಅವಳ ಕೈ ಅಲ್ಲೇ ನಿಂತಿತು.

"ಇದನ್ನ ನಾನೇ ಹಾಕಿದ್ದು," ಎಂದಳು.

ಪ್ರಿಂಟರು ಹೋದ ಮರುದಿನ, ಮೊದಲ ಸಲ ನೆಟ್ಟು ಹೋಗುವುದಕ್ಕೆ ಹಿಂದಿನ ಸಂಜೆ, ಅವಳು ಕೋಣೆ ಗುಡಿಸಿದ್ದಳು. ಈ ವೈರಿನ ತುದಿಯೊಂದು ನೆಲದ ಮೇಲೆ ಬಿದ್ದುಕೊಂಡಿತ್ತು. ತುದಿ ಬಿಟ್ಟ ದಾರ ಕಂಡರೆ ಅವಳಿಗೆ ಕೈ ತಡೆಯುವುದಿಲ್ಲ. ಗಂಟು ಹಾಕಿ ಒಳಗೆ ಸೇರಿಸಿಯೇ ಸೇರಿಸುತ್ತಾಳೆ. ಪಕ್ಕದಲ್ಲೇ ಖಾಲಿ ತೂತು ಕಂಡಿತು. ತುದಿಯನ್ನು ಅದರೊಳಗೆ ಒತ್ತಿದಳು. ಟಕ್ಕೆಂದು ಕೂತಿತು. ಎಷ್ಟು ಅಚ್ಚುಕಟ್ಟಾಯಿತು ಎಂದು ಸಮಾಧಾನಪಟ್ಟುಕೊಂಡದ್ದೂ ನೆನಪಿಗೆ ಬಂತು. ಕೆಲಸ ಮುಗಿದ ಮೇಲೆ ಬೋರ್ಡಿನ ಸ್ವಿಚ್ಚು ಆರಿಸುವುದು ಅವಳ ಹಳೆಯ ಅಭ್ಯಾಸ. ಹಾಗಾಗಿ ಪೆಟ್ಟಿಗೆಗೆ ಜೀವ ಬರುತ್ತಿದ್ದುದು ಅವಳು ಹೊಲಿಯಲು ಕೂತಾಗ ಮಾತ್ರ.

"ಇರುವೆ ಹೇಳಿದ್ಳು, ಯಾರು ಅಂತ ಗೊತ್ತಿಲ್ಲದಿದ್ರೆ ಎಲ್ಲರಿಗೂ ಕೂಗುತ್ತೆ ಅಂತ," ಎಂದಳು ನಿಧಾನವಾಗಿ. "ಈ ತೂತಿಂದ ಹೊರಟ ಕೂಗು ಆ ತೂತಿಂದ ಒಳಗೆ ಬರುತ್ತೆ. ಇದು ಹೊಸ ಕೂಗು ಅಂದ್ಕೊಂಡು ಮತ್ತೆ ಎಲ್ಲರಿಗೂ ಕೂಗುತ್ತೆ. ಅದು ಮತ್ತೆ ಸುತ್ತಿ ಬರುತ್ತೆ. ಕೊನೆಯೇ ಇಲ್ಲ. ಇಷ್ಟು ಗಲಾಟೇಲಿ ನಿನ್ನ ಆಸ್ಪತ್ರೆಯವರ ಮಾತು ಎಲ್ಲಿ ಕೇಳಿಸಬೇಕು?"

ತುದಿಯನ್ನು ಕಿತ್ತಳು. ದೀಪಗಳ ಬಡಿದಾಟ ನಿಂತಿತು. ಒಂದು ನಿಮಿಷ ಕಳೆದು ಅಡುಗೆಯವಳು ಸೌಟು ಇಳಿಸಿದಳು.

ಸೊಸೆ ಅತ್ತೆಯ ಪಕ್ಕದಲ್ಲೇ ನೆಲಕ್ಕೆ ಕೂತಳು. ತಗ್ಗಿದ ದನಿಯಲ್ಲಿ ಹೇಳಿದಳು: "ಅವರಿಗೆ ಹೇಳಬೇಡಿ. ಪೆಟ್ಟಿಗೆ ಕೆಟ್ಟಿತ್ತು, ತೆಗೆದುಬಿಟ್ವಿ ಅಂದರಾಯ್ತು. ನೀವೇ ಹಾಕಿದ್ದು ಅಂತ ಗೊತ್ತಾದ್ರೆ ಜೀವನಪೂರ್ತಿ ಆಡಿಕೊಳ್ತಾರೆ."

"ಹೇಳ್ತೀನಿ."

"ಅತ್ತೆ..."

"ಎರಡು ಸಲ ನಿನ್ನ ಲೈನು ಕಡಿದದ್ದು ನನ್ನ ಕೈಯಿಂದ. ಆ ಮಗೂಗೆ ಜ್ವರ ಅಂದೋರ ಮಾತು ಕಡಿದದ್ದೂ ನನ್ನ ಕೈಯಿಂದಲೇ. ಅದನ್ನ ಮುಚ್ಚಿಟ್ಟು ನಾನು ಗೆದ್ದೆ ಅಂತ ಓಡಾಡಲಾ? ತಪ್ಪು ಹೊಲಿಗೆ ಒಳಗಡೆ ಇದ್ರೂ ತಪ್ಪೇ."

ಅತ್ತೆಯ ಮಂಡಿ ಹಿಡಿದುಕೊಂಡಿದ್ದು ನೋಡಿ, ಸೊಸೆ ಕೈ ಕೊಟ್ಟು ಎಬ್ಬಿಸಿದಳು.

ಸಂಜೆ ಊಟಕ್ಕೆ ಕೂತಾಗ ಹೊಲಿಗೆಯಮ್ಮ ಆ ಪೆಟ್ಟಿಗೆಯನ್ನೂ ಬಿಳಿ ವೈರನ್ನೂ ಮಗನ ತಟ್ಟೆಯ ಪಕ್ಕದಲ್ಲಿಟ್ಟು, ನಡೆದದ್ದನ್ನು ನಡೆದ ಹಾಗೇ ಹೇಳಿದಳು. ಮಗ ಮೊದಲು ಪೆಟ್ಟಿಗೆ ನೋಡಿದ, ಆಮೇಲೆ ತಾಯಿಯನ್ನು. ಅವನ ಮುಖ ಕೆಂಪೇರಿತು.

"ಅಂದರೆ ನೀನೇ ಮಾಡಿದ್ದು! ನಾನು ಅವತ್ತಿಂದ ಬಡ್ಕೊಂಡಿದ್ದು ಇದನ್ನೇ ತಾನೆ? ಗೊತ್ತಿಲ್ಲದ್ದನ್ನ ಮುಟ್ಟಬೇಡ ಅಂತ!"

"ನೀನು ಹೇಳಿದ್ದು ಮೋಟರ್ ಅಂತ."

"ಮೋಟರೋ ವೈರೋ, ಆ ಕೋಣೆಯಿಂದಲೇ ತಾನೆ ಬಂದದ್ದು? ಇವತ್ತು ಈ ವೈರು, ನಾಳೆ ಇನ್ನೊಂದು. ಇನ್ನೊಂದು ಸಲ ಕಡಿದ್ರೆ ಇವಳ ಕೆಲಸ ಹೋಗುತ್ತೆ. ಗೋದಾಮಲ್ಲಿ ನನ್ನ ಪಾಳಿ ಎಷ್ಟು ಕಡಿಮೆ ಆಗಿದೆ ಅಂತ ನಿನಗೆ ಗೊತ್ತಾ? ಶನಿವಾರ ಗಾಡಿ ಬರುತ್ತೆ. ಮಿಷನ್ನು ಹೋಗುತ್ತೆ. ಮುಗೀತು."

"ಅಪ್ಪ, ಈ ಪೆಟ್ಟಿಗೇನ ಇಲ್ಲಿ ಬಿಟ್ಟು ಹೋದೋರು ಯಾರು?" ಎಂದು ಇರುವೆ ಕೇಳಿದಳು.

"ನೀನು ಊಟ ಮಾಡು."

"ಅವಳು ಕೇಳಿದ್ದು ಸರಿಯಾಗೇ ಇದೆ," ಎಂದಳು ಹೊಲಿಗೆಯಮ್ಮ. "ತುದಿ ತೂರಿಸಿದ ತಪ್ಪು ನನ್ನದು, ಒಪ್ಪಿದೆ. ಬಟ್ಟೆ ಕತ್ತರಿಸಿ ಅಂಚು ಮಡಿಸದೆ ಎದ್ದು ಹೋದ ತಪ್ಪು ನಿನ್ನದು. ನೀನು ಒಪ್ಪಿಲ್ಲ. ಮೂರು ವಾರದಿಂದ ಈ ಮನೆ ಗಂಡಸು, ಆ ಲೈನಿನವನು, ಇಬ್ಬರಲ್ಲಿ ಒಬ್ಬರಾದ್ರೂ ಆ ಮೇಜಿನ ಕೆಳಗೆ ಬಗ್ಗಿ ನೋಡಿದ್ರಾ? ನಾನು ನೋಡಿದೆ. ನನ್ನ ಮಿಷನ್ನು ಎಲ್ಲಿಗೂ ಹೋಗಲ್ಲ."

"ಹೋಗುತ್ತೆ."

"ನೋಡೋಣ."

ಶನಿವಾರವೂ ಸೊಸೆಗೆ ಮಧ್ಯಾಹ್ನದವರೆಗೆ ಕೆಲಸವಿತ್ತು. ಹತ್ತೂವರೆಗೆ ಬಾಗಿಲ ಮುಂದೆ ತಳ್ಳುಗಾಡಿ ಬಂದು ನಿಂತಿತು. ಗಾಡಿಯವನು ಹೆಗಲಿಗೆ ಹಗ್ಗ ಸುತ್ತಿಕೊಂಡು ಒಳಗೆ ಬಂದ. ಮಗ ಅವನನ್ನು ಹೊಲಿಗೆ ಕೋಣೆಗೆ ಕರೆತಂದರೆ, ತಾಯಿ ಯಂತ್ರದ ಮುಂದೆ ಕಾಲು ಇಳಿಬಿಟ್ಟು ಕೂತಿದ್ದಳು. ಕಿಟಕಿಯ ಬೆಳಕು ಕಪ್ಪು ಬಟ್ಟೆಯ ಮೇಲೆ ಚೆನ್ನಾಗಿ ಬಿದ್ದಿತ್ತು. ಎಡಗಡೆ ಹದಿನೇಳು ಏಪ್ರನ್ನು ಮಡಿಸಿಟ್ಟಿದ್ದವು. ಬಲಗಡೆ ಇನ್ನೂ ಇಪ್ಪತ್ತಮೂರು ಕಾಯುತ್ತಿದ್ದವು. ಮೇಜಿನ ಕೆಳಗೆ ಗುಡಿಸಿ ಒರೆಸಿ ಚೊಕ್ಕಟ ಮಾಡಲಾಗಿತ್ತು.

"ಏಳಮ್ಮ."

"ಏಳಲ್ಲ."

"ಗಾಡಿಯವನು ಕಾಯ್ತಾ ಇದಾನೆ."

"ಎತ್ತಿಕೊಳ್ಳಲಿ. ಆದರೆ ನಾನು ಇದರ ಮೇಲಿಂದ ಕೈ ತೆಗೆಯಲ್ಲ. ಇಬ್ಬರನ್ನೂ ಸೇರಿಸಿ ಹೊರಲಿ. ಏನಪ್ಪಾ, ಹೊರ್ತೀಯಾ?"

ಗಾಡಿಯವನು ಮುದುಕಿಯನ್ನೂ ಯಂತ್ರವನ್ನೂ ಒಮ್ಮೆ ತೂಗಿ ನೋಡಿದ. "ಸಾರ್, ಅಮ್ಮನವರ ವಿಷಯ ನೀವು ಮುಂಚೆ ಹೇಳಿರಲಿಲ್ಲ," ಎಂದ.

ಹೊಲಿಗೆಯಮ್ಮ ಬೋರ್ಡಿನ ಸ್ವಿಚ್ಚಿಗೆ ಕೈ ಚಾಚಿದಳು.

"ಅಮ್ಮ! ಹಾಕಬೇಡ! ಅವಳು ಕರೇಲಿದಾಳೆ!"

"ಇದಾಳೆ. ನನಗೂ ಗೊತ್ತು."

ಟಕ್ ಎಂದಿತು ಸ್ವಿಚ್ಚು. ಮಗ ಹಜಾರದ ಕಡೆ ತಿರುಗಿದ. ಅಲ್ಲಿ ರೂಟರಿನ ಮುಂದೆ ಇರುವೆ ಸಕ್ಕರೆ ಮೆತ್ತಿದ ಬೆರಳು ನೆಕ್ಕುತ್ತಾ ಕಾವಲು ನಿಂತಿದ್ದಳು. ರೂಟರಿನ ಮೇಲೆ ಧೂಳಿರಲಿಲ್ಲ. ಯಾರೋ ಒರೆಸಿದ್ದರು.

"ಇದೆ!" ಎಂದು ಕೂಗಿದಳು ಇರುವೆ.

ಹೊಲಿಗೆಯಮ್ಮ ಪೆಡಲು ಒತ್ತಿದಳು. ಮೂರು ವಾರ ಹಗಲಿನ ಹೊಲಿಗೆ ಕಾಣದಿದ್ದ ಯಂತ್ರ ಕಿಟಕಿಯ ಗಾಜು ನಡುಗುವಂತೆ ಓಡಿತು. ಕಪ್ಪು ಬಟ್ಟೆಯ ಮೇಲೆ ಕಪ್ಪು ಹೊಲಿಗೆ ಗೆರೆ ಎಳೆದಂತೆ ನೆಟ್ಟಗೆ ಬಿತ್ತು.

"ಇದೆ, ಇದೆ, ಇದೆ! ಅಪ್ಪ, ಮೋಟರ್ ಓಡ್ತಾ ಇದೆ, ನೆಟ್ಟೂ ಇದೆ!"

ಒಂದು ಏಪ್ರನ್ನಿನ ಅಂಚು ಮುಗಿಯಿತು. ಮಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ತಾಯಿ ದಾರ ಕತ್ತರಿಸಿ ತಲೆ ಎತ್ತಿದಳು.

"ಟೆಕ್ನಿಕಲ್ ವಿಷಯ," ಎಂದಳು. "ಅರ್ಥ ಆಗದೆ ಇದ್ರೆ ಕೇಳು, ಹೇಳಿಕೊಡ್ತೀನಿ."

ಗಾಡಿಯವನು ಕೆಮ್ಮಿದ. "ಸಾರ್, ಎತ್ತೋದಾ, ಬೇಡ್ವಾ?"

"ತಂದ ಗಾಡಿ ಖಾಲಿ ಹೋಗಬಾರದು," ಎಂದು ಹೊಲಿಗೆಯಮ್ಮ ಕಪಾಟಿನಿಂದ ಆ ಐದು ತೂತಿನ ಪೆಟ್ಟಿಗೆಯನ್ನೂ ಸುರುಳಿ ಸುತ್ತಿ ಕಟ್ಟಿದ ಬಿಳಿ ವೈರನ್ನೂ ತೆಗೆದು ಅವನ ಕೈಗಿಟ್ಟಳು. "ಇದು ಗೋದಾಮಿಗೆ ಹೋಗಬೇಕಾದ ಸಾಮಾನು. ಪ್ರಿಂಟರಿನ ಜೊತೆಯಲ್ಲೇ ಹೋಗಬೇಕಿತ್ತು, ಮರೆತುಹೋಗಿತ್ತು. ಎರಡು ತುದೀನೂ ಒಂದೇ ಪೆಟ್ಟಿಗೆಗೆ ತೂರಿಸಬೇಡಿ ಅಂತ ಅಲ್ಲಿಯವರಿಗೆ ಹೇಳು."

ಮತ್ತೆ ಯಂತ್ರ ಓಡಿತು. ಆ ಸದ್ದು ಗೋಡೆಯಾಚೆ ಸೊಸೆಯ ಕೋಣೆಗೂ ಹೊಕ್ಕಿತು. ಕೆಲಸದ ಹೊತ್ತಿನಲ್ಲಿ ಮನೆಯ ಸದ್ದು ಕರೆ ಮಾಡಿದವರಿಗೆ ಕೇಳಬಾರದೆಂದು ಅವಳು ಇಷ್ಟು ದಿನ ಬಾಗಿಲ ಸಂದಿಗೆ ಹಳೆ ಕಂಬಳಿ ತುರುಕಿ, ಮಗಳು ಸೀನಿದರೂ ಕಣ್ಣು ಬಿಡುತ್ತಿದ್ದವಳು. ಇವತ್ತು ಬಾಗಿಲು ತೆರೆದೇ ಇತ್ತು. ಆ ಕಡೆಯಿಂದ ಕರೆ ಮಾಡಿದವರು ಅದೇನು ಸದ್ದು ಎಂದು ಕೇಳಿರಬೇಕು. ಸೊಸೆ ಗಂಡನ ಕಡೆ ನೇರವಾಗಿ ನೋಡುತ್ತಾ, ಎಲ್ಲರಿಗೂ ಕೇಳುವಂತೆ ಉತ್ತರ ಕೊಟ್ಟಳು:

"ಅದು ನಮ್ಮತ್ತೆಯ ಹೊಲಿಗೆ ಮಿಷನ್ನು. ಅವರೂ ಕೆಲಸದಲ್ಲಿದಾರೆ. ಅದು ನಿಲ್ಲಲ್ಲ. ನೀವು ಹೇಳಿ, ನನಗೆ ಚೆನ್ನಾಗಿ ಕೇಳಿಸ್ತಾ ಇದೆ."